ಪುಟ್ಟ ಕಾಲುಚೀಲದ ಒಳಮೈ ತಿರುಗಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಉಳಿದ ಉಣ್ಣೆ ದಾರದಿಂದ ಪುಟ್ಟ ಪುಟ್ಟ ಕಾಲುಚೀಲ ಹೆಣೆಯುವ ಬಗ್ಗೆ ಬಂದಿತ್ತು. ಚಹಾ ಆರಿಹೋಗುವ ತನಕ ಫೋಟೋ ನೋಡುತ್ತಾ ಕೂತಿದ್ದೆ. ಬಹಳ ಖುಷಿಯಾಯಿತು. ಆದರೆ ಕೊನೆಯಲ್ಲಿ, ಆಗ ತಾನೇ ಹುಟ್ಟಿದ ಮಗುವಿಗೆ ಇದು ಒಳ್ಳೆಯ ಉಡುಗೊರೆ ಅಂತ ಒಂದು ಸಾಲು ಇತ್ತು. ಫೋಟೋದಲ್ಲಿದ್ದದ್ದು ಎರಡು ಬಣ್ಣದ ಚೌಕುಳಿ ಕಾಲುಚೀಲ. ಈ ಪತ್ರ ಅದಕ್ಕಾಗಿ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ 1979ರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ. ನಮ್ಮೂರ ಸೆಕೆಯಲ್ಲಿ ಉಣ್ಣೆ ಮುಟ್ಟುವವರು ಯಾರು? ಹೆಣಿಗೆ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಕೆಲಸಕ್ಕೆ ಮುಂಬಯಿಯ ವಿಟಿ ಸ್ಟೇಷನ್ನಿಗೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ. ಎದುರು ಸೀಟಿನ ಮರಾಠಿ ಹೆಂಗಸು ನನ್ನ ಗುರು. ಹಾಗಾಗಿ ಹೆಣಿಗೆಯ ಮಾತೆಲ್ಲ ನನಗೆ ಮರಾಠಿಯಲ್ಲೇ ಬರುತ್ತದೆ. ಉಣ್ಣೆಗೆ ಲೋಕರ್, ಕುಣಿಕೆಗೆ ಟಾಕಾ, ನೇರ ಹೆಣಿಗೆಗೆ ಸುಲಟ್, ತಿರುವು ಹೆಣಿಗೆಗೆ ಉಲಟ್. ಎಣಿಸುವುದು ಮಾತ್ರ ಕನ್ನಡದಲ್ಲಿ. ಎಣಿಕೆಗೆ ಬೇರೆ ಭಾಷೆ ನಾಲಿಗೆಗೆ ಹತ್ತುವುದಿಲ್ಲ, ಅಲ್ವಾ?

ಕಾಲುಚೀಲಕ್ಕೆ ನಾಲ್ಕು ಕಡ್ಡಿ ಬೇಕು. ಎರಡೂ ತುದಿ ಚೂಪಿರುವಂಥವು. ಒಮ್ಮೆ ಸಂಜೆ ದಾದರ್‌ನಲ್ಲಿ ಜನ ನುಗ್ಗಿದಾಗ ಅದರಲ್ಲಿ ಒಂದು ಜಾರಿ ಪಕ್ಕದವಳ ಮೆಂತ್ಯ ಸೊಪ್ಪಿನ ಚೀಲದೊಳಗೆ ಹೋಯಿತು. ನಾನು ಕಾಲಡಿಯಲ್ಲಿ ಹುಡುಕುತ್ತಿದ್ದೆ. ಆಕೆ ಠಾಣೆಯಲ್ಲಿ ಇಳಿದುಹೋದಳು. ಮನೆಯಲ್ಲಿ ಸೊಪ್ಪು ಸೋಸುವಾಗ ಏನಂದುಕೊಂಡಳೋ.

ಕಾಲುಚೀಲ ಹೆಣೆಯುವವರಿಗೆ ಹಿಮ್ಮಡಿಯದೇ ಕಷ್ಟ. ಮಫ್ಲರ್, ಸ್ವೆಟರ್ ಹೆಣೆದು ಕೈ ಪಳಗಿದವರೂ ಅಲ್ಲಿ ಬಂದು ನಿಲ್ಲುತ್ತಾರೆ. ಅದಕ್ಕೆ ಈ ಆಟಿಕೆಯಂಥ ಪುಟ್ಟ ಕಾಲುಚೀಲಕ್ಕಿಂತ ಒಳ್ಳೆಯ ಪಾಠವಿಲ್ಲ. ನಾನು ಮಾಡುವುದು ಹೀಗೆ. ಎರಡೂವರೆ ಮಿಲಿಮೀಟರ್ ಕಡ್ಡಿಯಲ್ಲಿ 24 ಟಾಕಾ ಹಾಕಿ, ಮೂರು ಕಡ್ಡಿಗೆ ಎಂಟೆಂಟು ಹಂಚಿ, ನಾಲ್ಕನೆಯದರಿಂದ ಸುತ್ತ ಹೆಣೆಯುತ್ತಾ ಹೋಗುತ್ತೇನೆ. ಮೇಲಿನ ಪಟ್ಟಿಗೆ ಒಂದು ಸುಲಟ್ ಒಂದು ಉಲಟ್, ಆರು ಸುತ್ತು. ಆಮೇಲೆ ಎಂಟು ಸುತ್ತು ಬರೀ ಸುಲಟ್. ಈಗ ಅರ್ಧದಷ್ಟು, ಅಂದರೆ 12 ಟಾಕಾ ಸುಮ್ನೆ ಬಿಟ್ಟು, ಉಳಿದ 12ರ ಮೇಲೆ ಮಾತ್ರ ಹಿಂದಕ್ಕೂ ಮುಂದಕ್ಕೂ 12 ಸಾಲು. ಇದು ಹಿಮ್ಮಡಿಯ ಹಿಂದಿನ ಗೋಡೆ. ಮಜಾ ಇರುವುದು ಇದರ ನಂತರ. ಏಳು ಹೆಣೆದು, ಮುಂದಿನ ಎರಡನ್ನು ಒಂದು ಮಾಡಿ, ಇನ್ನೊಂದು ಹೆಣೆದು, ಕೊನೆಯ ಎರಡನ್ನು ಮುಟ್ಟದೆ ನಡುವಿನಲ್ಲೇ ತಿರುಗಿಬಿಡಬೇಕು. ಆ ಕಡೆಯಿಂದ ಬರುವಾಗಲೂ ಎರಡನ್ನು ಬಿಟ್ಟೇ ತಿರುಗಬೇಕು. ಬಿಟ್ಟವನ್ನು ಮುಂದಿನ ಎರಡು ಸಾಲಿನಲ್ಲಿ ಸೇರಿಸಿಕೊಳ್ಳುವುದು. ಒಟ್ಟು ನಾಲ್ಕೇ ಸಾಲು. 12 ಇದ್ದದ್ದು 8 ಆಗುತ್ತದೆ, ಚಪ್ಪಟೆ ಇದ್ದ ಹೆಣಿಗೆ ಬಟ್ಟಲಿನ ಹಾಗೆ ಬಾಗಿಬಿಡುತ್ತದೆ. ನಾನು ಮೊದಲ ಸಲ ಅದನ್ನು ನೋಡಿದ್ದು ಮುಲುಂಡ್ ಹತ್ತಿರ. ಪಕ್ಕದಲ್ಲಿ ನಿಂತವರಿಗೆಲ್ಲ ತೋರಿಸಿದ್ದೆ.

ದೊಡ್ಡವರ ಕಾಲುಚೀಲದಲ್ಲಿ ಇದೇ ಲೆಕ್ಕ 60-64 ಟಾಕಾದ ಮೇಲೆ ನಡೆಯುತ್ತದೆ. ಹಿಮ್ಮಡಿ ಮುಟ್ಟುವಷ್ಟರಲ್ಲಿ ವಾರ ಕಳೆದಿರುತ್ತದೆ. ಅಲ್ಲಿ ತಪ್ಪಿದರೆ ಬಿಚ್ಚುವುದಕ್ಕೆ ಮನಸ್ಸು ಬರುವುದಿಲ್ಲ. ಪುಟ್ಟದಾದರೆ ಸರ್ರನೆ ಎಳೆದು ಮತ್ತೆ ಶುರು ಮಾಡಿದರಾಯಿತು. ದಾರವೂ ನಾಲ್ಕೈದು ಗ್ರಾಂ ಸಾಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ. 100 ಗ್ರಾಂ ಉಂಡೆಯಲ್ಲಿ ದೊಡ್ಡವರ ಒಂದು ಜೊತೆ ಮುಗಿಸಿದ ಮೇಲೆ 20 ಗ್ರಾಂ ಉಳಿದರೂ ಪುಟ್ಟವು ನಾಲ್ಕಾಗುತ್ತವೆ.

ಇನ್ನು ಬರೆಯಲೇಬೇಕಾದ ವಿಷಯ. ಇದು ನನ್ನದೇ ತಪ್ಪು.

ಮಗಳು ಪುಣೆಯಲ್ಲಿದ್ದಾಳೆ. ಮೊಮ್ಮಗನಿಗೆ ಆಗ ಮೂರು ತಿಂಗಳು. ಜನವರಿಯ ಚಳಿ. ಮುಂಬಯಿಯವರಿಗೆ ಪುಣೆಯ ಚಳಿಯೇ ಜಾಸ್ತಿ. ನಾನು ಉಳಿದ ಕೆಂಪು, ಬಿಳಿ ದಾರ ಸೇರಿಸಿ, ನಿಮ್ಮ ಫೋಟೋದಲ್ಲಿದ್ದಂಥದ್ದೇ ಚೌಕುಳಿ ಜೊತೆಯೊಂದನ್ನು ಮಗುವಿನ ಅಳತೆಗೆ ಹೆಣೆದು ಒಯ್ದಿದ್ದೆ. ಹೊರಗಿನಿಂದ ನೋಡಿದರೆ ಎಷ್ಟು ಚೆಂದ! ಎರಡು ಬಣ್ಣದಲ್ಲಿ ಹೆಣೆಯುವಾಗ ಸದ್ಯಕ್ಕೆ ಬೇಡದ ಬಣ್ಣದ ದಾರ ಹಿಂದುಗಡೆಯಿಂದ ಅಡ್ಡ ಹಾದುಹೋಗುತ್ತದೆ. ಚೌಕ ದೊಡ್ಡದಿದ್ದಷ್ಟೂ ಆ ದಾರ ಉದ್ದ. ನಡುವೆ ಸಿಕ್ಕಿಸುತ್ತಾ ಹೋಗಬೇಕು. ನಾನು ಸೋಮಾರಿತನ ಮಾಡಿದ್ದೆ. ಒಳಗೆಲ್ಲ ಸಣ್ಣ ಸಣ್ಣ ಕುಣಿಕೆಗಳು, ಬಲೆ ಹಾಸಿದ ಹಾಗೆ.

ರಾತ್ರಿ ಒಂಬತ್ತಕ್ಕೆ ಶುರುವಾದ ಅಳು ಹತ್ತಾದರೂ ನಿಲ್ಲಲಿಲ್ಲ. ಗ್ಯಾಸ್ ಇರಬೇಕು ಎಂದು ಹೊಟ್ಟೆಗೆ ಇಂಗಿನ ನೀರು ಹಚ್ಚಿದೆ. ಹೆಗಲ ಮೇಲೆ ಹಾಕಿಕೊಂಡು ತಿರುಗಿದೆ. ದೃಷ್ಟಿಯನ್ನೂ ತೆಗೆದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಮಗಳು ಬಟ್ಟೆ ಪೂರ್ತಿ ಬಿಚ್ಚಿ ನೋಡೋಣ ಎಂದಳು. ಬಲಗಾಲಿನ ಕಾಲುಚೀಲ ಎಳೆದರೆ ಬರುತ್ತಿಲ್ಲ. ಒಂದು ಎಳೆ ಸಡಿಲವಾಗಿ ಮಗುವಿನ ನಾಲ್ಕನೆಯ ಬೆರಳಿಗೆ ಎರಡು ಸುತ್ತು ಬಿಗಿದುಕೊಂಡಿತ್ತು. ಬೆರಳು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದಾರ ಚರ್ಮದೊಳಗೆ ಹೂತುಹೋಗಿ ಕಾಣುತ್ತಲೇ ಇರಲಿಲ್ಲ.

ಹತ್ತಿರದ ಡಾಕ್ಟರು ಭೂತಗನ್ನಡಿ ಹಿಡಿದು, ಉಗುರಿನಷ್ಟು ಸಣ್ಣ ಕತ್ತರಿಯಲ್ಲಿ ಅದನ್ನು ತೆಗೆದರು. ನನ್ನ ಕೈ ನಡುಗುತ್ತಿದ್ದುದು ನೋಡಿ ಕುರ್ಚಿ ಕೊಟ್ಟರು. ಇದಕ್ಕೆ ಹೇರ್ ಟೂರ್ನಿಕೆಟ್ ಎನ್ನುತ್ತಾರಂತೆ. ಹೆಚ್ಚಾಗಿ ಅಮ್ಮನ ತಲೆಕೂದಲಿನಿಂದಲೇ ಆಗುತ್ತದೆ, ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಕೂದಲು ತುಂಬಾ ಉದುರುತ್ತದಲ್ಲ, ಅದು. ದಾರದಿಂದಲೂ ಆಗುತ್ತದೆ. ಹೊತ್ತು ಮೀರಿದರೆ ರಕ್ತ ಓಡದೆ ಬೆರಳೇ ಹೋಗಬಹುದು. ನಮ್ಮ ಮಗುವಿನದು ಉಳಿಯಿತು. ಗೆರೆ ಮಾತ್ರ ಬಹಳ ದಿನ ಇತ್ತು.

ಆದ್ದರಿಂದ ದಯವಿಟ್ಟು ಇದನ್ನು ಅಚ್ಚು ಹಾಕಿ. ಮಗುವಿಗೆಂದು ಹೆಣೆಯುವುದಾದರೆ ಒಂದೇ ಬಣ್ಣ ಸಾಕು. ಬಣ್ಣ ಬೇಕೇ ಬೇಕು ಅನಿಸಿದರೆ ಅಡ್ಡಪಟ್ಟೆ ಹಾಕಿ, ಒಂದು ಸುತ್ತಿಗೆ ಒಂದೇ ದಾರ, ತುದಿಗಳನ್ನು ಹೆಣಿಗೆಯೊಳಗೆ ಸೇರಿಸಿ ಮುಗಿಸಿ. ತೊಡಿಸುವ ಮೊದಲು ಒಳಮೈ ಹೊರಗೆ ಮಾಡಿ ನಿಮ್ಮ ಕಿರುಬೆರಳು ಆಡಿಸಿ ನೋಡಿ. ಕಿರುಬೆರಳು ಸಿಕ್ಕಿಕೊಂಡರೆ ಮಗುವಿನದೂ ಸಿಕ್ಕಿಕೊಳ್ಳುತ್ತದೆ. ಅಂಗಡಿಯಿಂದ ತಂದ ಕಾಲುಚೀಲಕ್ಕೂ ಇದೇ ಮಾತು. ಕಾರಣ ತಿಳಿಯದೆ ಮಗು ಅಳುತ್ತಿದ್ದರೆ ಮೊದಲು ಕಾಲುಚೀಲ ತೆಗೆದು ಒಂದೊಂದೇ ಬೆರಳು ನೋಡಿ, ಇಂಗು ಆಮೇಲೆ. ದಾರ ಸಿಕ್ಕಿದ್ದು ಕಂಡರೆ ಜಗ್ಗಬೇಡಿ, ಡಾಕ್ಟರ ಹತ್ತಿರ ಓಡಿ.

ಇನ್ನೂ ಒಂದು ಮಾತು. ಮಳೆಗಾಲ ಬಂದರೆ ಉಣ್ಣೆಯ ಚೀಲಕ್ಕೆ ನಾವೆಲ್ಲ ಡಾಂಬರು ಗುಳಿಗೆ ಹಾಕಿಡುತ್ತೇವೆ. ಆ ದಾರ ಮಗುವಿನ ಬಟ್ಟೆಗೆ ಬೇಡ. ಜಿ6ಪಿಡಿ ಎನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಆ ಗುಳಿಗೆಯ ನ್ಯಾಫ್ತಲೀನ್ ತಗುಲಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ಯಾವ ಮಗುವಿಗೆ ಕಡಿಮೆ ಇದೆ ಎಂದು ಮುಖ ನೋಡಿ ಹೇಳುವುದಕ್ಕಾಗುವುದಿಲ್ಲ.

ನನ್ನ 24 ಟಾಕಾದ ಕಾಲುಚೀಲ ಯಾವ ಕಾಲಿಗೂ ಆಗುವುದಿಲ್ಲ, ಅಷ್ಟು ಸಣ್ಣದು. ಕೀಲಿಗೊಂಚಲಿಗೆ, ಬ್ಯಾಗಿನ ಜಿಪ್ಪಿಗೆ ಕಟ್ಟಿ ಕೊಡುತ್ತೇನೆ. ನಮ್ಮವರು ಒಂದರಲ್ಲಿ ಕಿವಿಯ ಮಷಿನ್ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ವಸಾಯಿ ಕ್ರೈಸ್ತರ ಮಕ್ಕಳಿಗೆ ಈ ವರ್ಷ 24 ಬೇಕಂತೆ. ಹಗ್ಗಕ್ಕೆ ಸಾಲಾಗಿ ನೇತುಹಾಕಿ, ಒಂದೊಂದರಲ್ಲೂ ಒಂದು ಚಾಕೊಲೇಟ್ ಇಟ್ಟು, ಡಿಸೆಂಬರ್ 1ರಿಂದ ಕ್ರಿಸ್‌ಮಸ್ ಹಿಂದಿನ ದಿನದವರೆಗೆ ದಿನಕ್ಕೊಂದು ತೆಗೆಯುತ್ತಾರೆ. ಹತ್ತೊಂಬತ್ತು ಮುಗಿದಿವೆ. ಐದು ಬಾಕಿ. ಕೆಂಪು ದಾರ ಖಾಲಿ. ಡೊಂಬಿವಲಿಯ ಓದುಗರಲ್ಲಿ ಯಾರ ಹತ್ತಿರವಾದರೂ ಚೂರುಪಾರು ಕೆಂಪು ಉಳಿದಿದ್ದರೆ ನಮ್ಮ ಕನ್ನಡ ಸಂಘದಲ್ಲಿ 'ಕಾಲುಚೀಲದ ಅಮ್ಮನಿಗೆ' ಎಂದು ಕೊಟ್ಟುಹೋಗಿ. ಡಾಂಬರು ಗುಳಿಗೆಯ ಜೊತೆ ಇಟ್ಟದ್ದು ಮಾತ್ರ ಬೇಡ, ಚಾಕೊಲೇಟಿಗೆ ವಾಸನೆ ಹಿಡಿಯುತ್ತದೆ.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಡೊಂಬಿವಲಿ ಪೂರ್ವ