ವಾಕರ್ ಊರೂರು ನಡೆದವನಲ್ಲ

ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಇಂಗ್ಲಿಷರ ಅಡ್ಡಹೆಸರುಗಳ ಬಗ್ಗೆ ಬಂದ ಬರಹ ಓದಿದೆ. ಸ್ಮಿತ್ ಅಂದರೆ ಕಮ್ಮಾರ, ಟೇಲರ್ ಅಂದರೆ ದರ್ಜಿ, ಅಲ್ಲಿವರೆಗೆ ಸರಿ. ಆದರೆ ವಾಕರ್ ಅಂದರೆ ಊರೂರು ನಡೆದು ಸುದ್ದಿ ಮುಟ್ಟಿಸುತ್ತಿದ್ದವನು ಅಂತ ಬರೆದದ್ದು ಸುಮ್ನೆ ಊಹೆ. ಅವನು ನಡೆದದ್ದು ನಿಜ, ಆದರೆ ನಿಂತ ಜಾಗದಲ್ಲೇ, ಒಂದು ತೊಟ್ಟಿಯೊಳಗೆ, ಹಳೇ ಮೂತ್ರದಲ್ಲಿ ಕಾಲಿಟ್ಟುಕೊಂಡು.

ಹೌದು, ಮೂತ್ರವೇ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಿಡ್ಡುಜಿಡ್ಡಾಗಿರುತ್ತದೆ, ನೇಯ್ಗೆಯೂ ಸಡಿಲ, ಹಾಗೇ ಹೊಲಿಸಿಕೊಂಡರೆ ಗಾಳಿ ಮಳೆ ಎರಡೂ ಒಳಗೆ ನುಗ್ಗುತ್ತವೆ. ಕೆಲವು ದಿನ ಇಟ್ಟ ಮೂತ್ರದಲ್ಲಿ ಅಮೋನಿಯಾ ಆಗಿ ಆ ಜಿಡ್ಡು ಬಿಡುತ್ತದೆ. ಜೊತೆಗೆ ಜಿಡ್ಡು ಹೀರುವ ಒಂದು ಜೇಡಿಮಣ್ಣು ಹಾಕುತ್ತಿದ್ದರು. ನಮ್ಮಲ್ಲಿ ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಇದೆಯಲ್ಲ, ಅದೇ ಬಗೆಯ ಮಣ್ಣು. ಇದರಲ್ಲಿ ಬಟ್ಟೆ ನೆನೆಸಿ ಗಂಟೆಗಟ್ಟಲೆ ತುಳಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಆಮೇಲೆ ತೊಳೆದು, ಕೊಕ್ಕೆಗಳಿರುವ ಚೌಕಟ್ಟಿಗೆ ಬಿಗಿದು ಬಿಸಿಲಿಗೆ ಒಣಗಿಸುವುದು. ಹೀಗೆ ತುಳಿಯುವವನೇ ವಾಕರ್.

ಮಜಾ ಏನೆಂದರೆ ಇದೇ ಕಸುಬಿಗೆ ಸೀಮೆಗೊಂದು ಹೆಸರು. ಉತ್ತರದ ಯಾರ್ಕ್‌ಶೈರ್ ಕಡೆ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದ ಡೆವನ್ ಸೀಮೆಯಲ್ಲಿ ಟಕ್ಕರ್. ಟಕ್ಕರ್‌ನ ಹಳೇ ಮೂಲದ ಅರ್ಥ ಹಿಂಸೆ ಕೊಡುವುದು ಅಂತೆ, ಬಟ್ಟೆಯ ಪಾಡು ನೋಡಿದರೆ ತಪ್ಪೇನಿಲ್ಲ ಬಿಡಿ! ಡೆವನ್‌ನ ಎಕ್ಸೆಟರ್ ಊರಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಈಗಲೂ ಇದೆ.

12ನೇ ಶತಮಾನದ ಕೊನೆಗಾಗಲೇ ಇಂಗ್ಲೆಂಡಿನಲ್ಲಿ ನೀರಿನ ಚಕ್ರದಿಂದ ಓಡುವ ಮರದ ಸುತ್ತಿಗೆಗಳು ಬಂದು ಕಾಲಿನ ಕೆಲಸ ಕಿತ್ತುಕೊಳ್ಳತೊಡಗಿದ್ದವು. ಅಪ್ಪನ ಅಡ್ಡಹೆಸರು ಮಗನಿಗೆ ಬರುವ ರೂಢಿ ಜನಸಾಮಾನ್ಯರಲ್ಲಿ ಗಟ್ಟಿಯಾದದ್ದು ಬಹುಮಟ್ಟಿಗೆ ಅದಾದ ಮೇಲೆ, 13 ಮತ್ತು 14ನೇ ಶತಮಾನದಲ್ಲಿ. ಅಂದರೆ ಎಷ್ಟೋ ವಾಕರ್‌ಗಳು ಒಂದು ಮೊಳ ಬಟ್ಟೆಯನ್ನೂ ತುಳಿದಿರಲಿಕ್ಕಿಲ್ಲ.

ನಮ್ಮ ಕಡೆಯ ಬಡಿಗೇರ, ಕುಂಬಾರ, ಪತ್ತಾರ ಹೆಸರುಗಳ ಜೊತೆ ಇವನ್ನು ಹೋಲಿಸಿದ್ದು ಚೆನ್ನಾಗಿತ್ತು, ಆದರೆ ಅರ್ಧ ಮಾತ್ರ ಒಪ್ಪುತ್ತೇನೆ. ಇಲ್ಲಿ ಹೆಸರಿನ ಹಿಂದೆ ಜಾತಿ ಇದೆ. ಅಲ್ಲಿ ಸ್ಮಿತ್ ಮನೆಯವರು ಬೇಕರ್ ಮನೆಯಲ್ಲಿ ಹೆಣ್ಣು ತರಲು ಹೆಸರು ಅಡ್ಡ ಬರಲಿಲ್ಲ.

ಗೊಂದಲಕ್ಕೆ ಜಾನಿ ವಾಕರ್ ವಿಸ್ಕಿ ಬಾಟಲಿ ಮೇಲೆ ದಾಪುಗಾಲು ಹಾಕುವ ಟೋಪಿಯ ಮನುಷ್ಯನೂ ಕಾರಣ ಇರಬಹುದು, ಅಲ್ವಾ? ಅದು ಜಾಹೀರಾತಿಗೆ ಟಾಮ್ ಬ್ರೌನ್ ಎಂಬ ಕಲಾವಿದ 1908ರಲ್ಲಿ ಬರೆದ ಚಿತ್ರ. ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ 1820ರಲ್ಲಿ ಕಿರಾಣಿ ಅಂಗಡಿ ಇಟ್ಟ, ಆ ವಿಸ್ಕಿಗೆ ಹೆಸರು ಬಂದ ಜಾನ್ ವಾಕರ್ ತೀರಿಕೊಂಡಿದ್ದು 1857ರಲ್ಲಿ. ಅವನಿಗೂ ಆ ನಡಿಗೆಗೂ ಏನೇನೂ ಸಂಬಂಧವಿಲ್ಲ.

ದಯವಿಟ್ಟು ಆನ್‌ಲೈನ್ ಆವೃತ್ತಿಯಲ್ಲಾದರೂ ಆ ಸಾಲು ತಿದ್ದಿಸಿ. ಲೇಖಕರು ಮುಂದುವರಿಸುವುದಾದರೆ ವೆಬ್‌ಸ್ಟರ್, ಬ್ಯಾಕ್ಸ್‌ಟರ್ ಬಗ್ಗೆ ಬರೆಯಲಿ. ಅವುಗಳ ಕೊನೆಯ 'ಸ್ಟರ್' ಮೊದಲು ಹೆಂಗಸರ ಕಸುಬಿನ ಹೆಸರಿಗೆ ಸೇರುತ್ತಿತ್ತು: ನೇಯುವವಳು, ರೊಟ್ಟಿ ಸುಡುವವಳು. ಬರಹದಲ್ಲಿ ಒಬ್ಬ ಹೆಂಗಸಿನ ಸುಳಿವೂ ಇರಲಿಲ್ಲ.

ಇಂತಿ,
ಒಬ್ಬ ಓದುಗ, ಗದಗ