ಮಂಗಳೂರಿಗೆ ಹೊರಟಿದ್ದ ಹಡಗು

ಸೌದಿ ಅರೇಬಿಯಾದಲ್ಲಿ ಕಚ್ಚಾತೈಲ ತುಂಬಿಕೊಂಡು ನವಮಂಗಳೂರು ಬಂದರಿನತ್ತ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರಿಗೆ 2023ರ ಡಿಸೆಂಬರ್ 23ರಂದು, ಗುಜರಾತ್ ಕರಾವಳಿಯಾಚೆ, ಡ್ರೋನ್ ಬಂದು ಬಡಿಯಿತು. ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಬೆಂಕಿ ಆರಿಸಿದರು, ಯಾರ ಜೀವವೂ ಹೋಗಲಿಲ್ಲ. ಕರಾವಳಿ ಕಾವಲು ಪಡೆಯ ವಿಕ್ರಮ್ ನೌಕೆಯ ಬೆಂಗಾವಲಿನಲ್ಲಿ ಹಡಗು ಮುಂಬಯಿಗೆ ಬಂದು ಲಂಗರು ಹಾಕಿತು. ಡ್ರೋನ್ ಇರಾನಿನಿಂದ ಹಾರಿದ್ದೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಅಕ್ಟೋಬರಿನಲ್ಲಿ ಗಾಜಾದಲ್ಲಿ ಹೊತ್ತಿಕೊಂಡ ಯುದ್ಧ ಕ್ರಿಸ್‌ಮಸ್ ಹೊತ್ತಿಗೆ ಅರಬ್ಬಿ ಸಮುದ್ರ ಮುಟ್ಟಿತ್ತು.

ಅಷ್ಟರಲ್ಲಾಗಲೇ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ದಾಳಿಗೆ ಹೆದರಿ ದೊಡ್ಡ ಹಡಗು ಕಂಪನಿಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದ್ದವು. ಮುಂಬಯಿ ಬಳಿಯ ನಾವಾ ಶೇವಾ ಬಂದರಿನಿಂದ ಯುರೋಪಿಗೆ ಮಾಲು ಕಳಿಸುವವರಿಗೆ ದಿನಗಳೂ ಹೆಚ್ಚು, ಬಾಡಿಗೆಯೂ ಹೆಚ್ಚು, ವಿಮೆ ಬೇರೆ. ಹೋಟೆಲು ನಡೆಸುವ ನಮ್ಮವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಉಕ್ರೇನಿನ ಸೂರ್ಯಕಾಂತಿ ಎಣ್ಣೆಗೆ ಕುತ್ತು ಬಂತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೂ ತಡೆಯಿತು. ವಡೆ ಕರಿಯುವವರಿಗೆ ಆಗಲೇ ಪಾಠವಾಗಿತ್ತು.

ದಿಲ್ಲಿಯ ನಡೆಯನ್ನು ಮಾತ್ರ ಗಮನಿಸಬೇಕು. ಕೆಂಪು ಸಮುದ್ರದ ಕಾವಲಿಗೆ ಅಮೆರಿಕ ಕಟ್ಟಿದ ಕೂಟಕ್ಕೆ ಸೇರಲಿಲ್ಲ; ತನ್ನದೇ ಯುದ್ಧನೌಕೆಗಳನ್ನು ಅರಬ್ಬಿ ಸಮುದ್ರಕ್ಕೂ ಏಡನ್ ಕೊಲ್ಲಿಗೂ ಕಳಿಸಿತು. 2024ರ ಮಾರ್ಚಿನಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ಸತ್ತಾಗ 21 ಮಂದಿಯನ್ನು ಪಾರುಮಾಡಿದ್ದು ನಮ್ಮ ಯುದ್ಧನೌಕೆ ಐಎನ್‌ಎಸ್ ಕೋಲ್ಕತಾ. ಅದೇ ತಿಂಗಳು ಅದು ಎಂವಿ ರುಯೆನ್ ಹಡಗಿನಲ್ಲಿದ್ದ 35 ಕಡಲ್ಗಳ್ಳರನ್ನು ಹಿಡಿದು ತಂದು ಮುಂಬಯಿ ಪೊಲೀಸರಿಗೆ ಒಪ್ಪಿಸಿತು. ಇಸ್ರೇಲಿನಿಂದ ಆಯುಧ ಬರಬೇಕು, ಇರಾನಿನ ಚಾಬಹಾರ್ ಬಂದರು ಬೇಕು, ಕೊಲ್ಲಿಯ ತೈಲ ಬೇಕು, ಅಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರು ನೆಮ್ಮದಿಯಾಗಿರಬೇಕು. ಇಷ್ಟೆಲ್ಲ ಇರುವಾಗ ಇನ್ನೊಬ್ಬರ ಬಾವುಟದಡಿ ನಿಲ್ಲದ್ದೇ ಸರಿಯೆಂದು ನನ್ನ ಎಣಿಕೆ. ಒಂಟಿಯಾಗಿ ನಿಲ್ಲಲು ಖರ್ಚೂ ಇದೆ, ಬಿಡಿ.

ಆ ಖರ್ಚು ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಕಾರವಾರದವರನ್ನು ಕೇಳಬೇಕು. 1971ರ ಯುದ್ಧದಲ್ಲಿ ಮುಂಬಯಿ ಬಂದರಿನ ಇಕ್ಕಟ್ಟು ನೌಕಾಪಡೆಯನ್ನು ಕಾಡಿತು. ವ್ಯಾಪಾರಿ ಹಡಗು, ಮೀನುದೋಣಿಗಳ ನಡುವೆಯೇ ಯುದ್ಧನೌಕೆಗಳೂ ಓಡಾಡಬೇಕಿತ್ತು. ಬೇರೆ ನೆಲೆ ಹುಡುಕುತ್ತ ಕಣ್ಣು ಬಿದ್ದದ್ದು ಕಾರವಾರದ ಮೇಲೆ. ಅಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ ನೆಲೆ. ಬನವಾಸಿಯ ಅರಸರ ಹೆಸರು, ನಮಗೆ ಹೆಮ್ಮೆಯೇ. ಆದರೆ ಕಾರವಾರ, ಅಂಕೋಲಾ ಕಡೆಯ ರೈತರೂ ಮೀನುಗಾರರೂ ಗದ್ದೆ, ಮನೆ, ಕಡಲತೀರ ಬಿಟ್ಟು ಎದ್ದರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಟಿವಿಯಲ್ಲಿ ಭದ್ರತೆಯ ಬಗ್ಗೆ ಗಂಟಲು ಹರಿದುಕೊಳ್ಳುವವರ ಬಾಯಲ್ಲಿ ಈ ಸಂಗತಿ ಒಮ್ಮೆಯೂ ಬಂದದ್ದನ್ನು ನಾನು ಕೇಳಿಲ್ಲ.

ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಮರ್ಚಂಟ್ ನೇವಿಗೆ ಸೇರಿದವರಿದ್ದಾರೆ. ನಾವಿಕರ ಯೂನಿಯನ್ನುಗಳೂ ಹಡಗು ಮಾಲಿಕರೂ ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದದಲ್ಲಿ, ಯುದ್ಧವಲಯವೆಂದು ಗುರುತಿಸಿದ ನೀರಿಗೆ ಹೋಗಲಾರೆ ಎನ್ನುವ ಹಕ್ಕು ನಾವಿಕನಿಗಿದೆ. ನಿಮ್ಮ ಹಡಗು ಆ ಒಪ್ಪಂದಕ್ಕೆ ಒಳಪಟ್ಟಿದೆಯೇ ಎಂದು ಸಹಿ ಹಾಕುವ ಮುನ್ನ ಕೇಳಿ. ಕೆಂಪು ಸಮುದ್ರದ ದಾರಿಯಲ್ಲಿ ಹೋಗಿಬಂದವರು ಮುಂದಿನ ಸಂಚಿಕೆಗೆ ಬರೆದು ಕಳಿಸಿ. ನಿಮ್ಮ ಹೆಸರಾಗಲಿ ಹಡಗಿನ ಹೆಸರಾಗಲಿ ಹಾಕುವುದಿಲ್ಲ.