ಉಸಿರು ಎಣಿಸಿದವಳಿಗೆ, ಕೀಲಿ ಕಿತ್ತುಕೊಂಡವನಿಗೆ

ನಿನ್ನೆ ಹುಬ್ಬಳ್ಳಿಯಿಂದ ಎರಡನೇ ನಿದ್ದೆ ಪರೀಕ್ಷೆಯ ರಿಪೋರ್ಟ್ ಬಂತು. ನಾಲ್ಕು ತಿಂಗಳ ಹಿಂದೆ ನಿದ್ದೆಯಲ್ಲಿ ಗಂಟೆಗೆ 23 ಸಲ ನನ್ನ ಉಸಿರು ಕಟ್ಟುತ್ತಿತ್ತು. ಈಗ, ಉಸಿರಾಟದ ಮಷಿನ್ ಹಾಕಿಕೊಳ್ಳದೆ ಮಲಗಿದರೂ, 11. ಇದು ನನ್ನೊಬ್ಬನಿಂದ ಆದದ್ದಲ್ಲ.

ಮೊದಲು ನನ್ನ ಹೆಂಡತಿಗೆ. ಗೊರಕೆ ಹೊಡೆದರೆ ಗಡದ್ದು ನಿದ್ದೆ ಅಂತಲೇ ನಮ್ಮ ಮನೆಯಲ್ಲಿ ಎಲ್ಲರ ಲೆಕ್ಕ. ಗೊರಕೆ ನಿಂತಾಗ ಗಾಬರಿಯಿಂದ ಎದ್ದು ಕೂರುತ್ತಿದ್ದವಳು ಅವಳೊಬ್ಬಳೇ. ಒಂದು, ಎರಡು ಅಂತ ಎಣಿಸುತ್ತಿದ್ದಳಂತೆ. ಇಪ್ಪತ್ತು ದಾಟಿದರೆ ಭುಜ ಅಲುಗಿಸುತ್ತಿದ್ದಳು. ನಾನು ಬೈದು ಮಗ್ಗುಲು ಬದಲಿಸುತ್ತಿದ್ದೆ. ತಪ್ಪಾಯಿತು ಮಾರಾಯ್ತಿ.

ಆಮೇಲೆ ನಮ್ಮ ಗಾಡಿಯ ಕ್ಲೀನರ್ ತಮ್ಮನಿಗೆ. ಕುಮಟಾದಿಂದ ತೆಂಗಿನಕಾಯಿ ಹೇರಿಕೊಂಡು ಶಿರಸಿಗೆ ಬರುವಾಗ, ದೇವಿಮನೆ ಘಟ್ಟದಲ್ಲಿ, ಹಾಡಹಗಲೇ ನನ್ನ ಕಣ್ಣು ಮುಚ್ಚಿತು. ಕೂಗಿ ಸ್ಟೇರಿಂಗ್ ಹಿಡಿದವನು ಅವನು. ಮನೆ ಮುಟ್ಟಿದ ಮೇಲೆ ಕೀಲಿ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟ. "ಅಣ್ಣನಿಗೆ ಡಾಕ್ಟರ್ ತೋರಿಸಿ ಅತ್ತಿಗೆ" ಅಂದ.

ಡಾಕ್ಟರ್ ಸಿಪ್ಯಾಪ್ ಮಷಿನ್ ಕೊಟ್ಟರು (ಮಲಗುವಾಗ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ), ಜೊತೆಗೆ ಸ್ಪೀಚ್ ಥೆರಪಿಸ್ಟ್ ಮೇಡಂ ಹತ್ತಿರ ಕಳಿಸಿದರು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಬಿದ್ದು ಗಾಳಿಯ ದಾರಿ ಮುಚ್ಚುತ್ತದೆ, ಅದಕ್ಕೆ ಬಲ ಬರಿಸಬೇಕು ಅಂದರು ಮೇಡಂ. ಬ್ರೆಜಿಲ್‌ನಲ್ಲಿ 31 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಹೇಳಿದರು. ಮೂರು ತಿಂಗಳು, ದಿನಕ್ಕೆ ಅರ್ಧ ಗಂಟೆ ನಾಲಿಗೆ, ಗಂಟಲಿನ ವ್ಯಾಯಾಮ ಮಾಡಿದವರಿಗೆ ಉಸಿರು ಕಟ್ಟುವುದು ಗಂಟೆಗೆ ಸರಾಸರಿ 22ರಿಂದ 14ರ ಹತ್ತಿರಕ್ಕೆ ಇಳಿದಿತ್ತಂತೆ.

ನಾಲಿಗೆಯ ತುದಿಯನ್ನು ಅಂಗುಳದ ಮೇಲೆ ಹಿಂದಕ್ಕೆ ಜಾರಿಸಬೇಕು. ಇಡೀ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಒತ್ತಬೇಕು. ತುದಿ ಕೆಳಹಲ್ಲಿಗೆ ತಾಗಿಸಿಟ್ಟು ಬುಡವನ್ನು ಕೆಳಗೆ ಅದುಮಬೇಕು. ಬಲೂನು ಊದಬೇಕು. 'ಆ' ಅನ್ನುತ್ತ ಕಿರುನಾಲಿಗೆ ಮೇಲೆತ್ತಬೇಕು. ಇದೇ ಕಷ್ಟ. ಮೂರು ವಾರ ಅದು ಅಲುಗಲೇ ಇಲ್ಲ. ಸುಮ್ನೆ ಬಿಟ್ಟುಬಿಡೋಣ ಅನಿಸಿತ್ತು. ಮಗಳು ಬಿಡಲಿಲ್ಲ. ದಿನಾ ಸಂಜೆ ಟಾರ್ಚ್ ಹಿಡಿದು ನನ್ನ ಬಾಯೊಳಗೆ ನೋಡುತ್ತಿದ್ದಳು. ಒಂದು ದಿನ "ಅಪ್ಪಾ, ಎದ್ತು!" ಅಂತ ಕುಣಿದಳು. ಪುಟ್ಟಿ, ಆ ಕೂಗು ನನಗೆ ಯಾವ ಔಷಧಕ್ಕಿಂತ ಕಡಿಮೆಯಲ್ಲ.

ನಾಲ್ಕು ಕಿಲೋ ತೂಕವೂ ಇಳಿದಿದೆ, ಅದರ ಪಾಲೂ ಇರಬಹುದು. ಮಷಿನ್ ಬಿಟ್ಟಿಲ್ಲ. ಡಾಕ್ಟರ್ ಹೇಳದೆ ಬಿಡುವುದೂ ಇಲ್ಲ. ನಿಮ್ಮ ಮನೆಯಲ್ಲೂ ಯಾರದಾದರೂ ಗೊರಕೆ ನಡುನಡುವೆ ನಿಲ್ಲುತ್ತಿದ್ದರೆ ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ.

ಇವತ್ತು ಬೆಳಿಗ್ಗೆ ನಾನೇ ಮೊದಲು ಎದ್ದೆ. ಅವಳು ಇನ್ನೂ ಮಲಗಿದ್ದಳು. ಎಬ್ಬಿಸದೆ ಚಹಾಕ್ಕೆ ನೀರಿಟ್ಟೆ.